ಮನೆಯ ನೀರಿಗೆ ತಕ್ಕ ಶೋಧಕ ಯಾವುದು?

ಮದುವೆಯಾಗಿ ಬೇರೆ ಊರಿಗೆ ಹೋದ ಮಗಳನ್ನು ತವರಿನವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ‘ಅಲ್ಲಿ ನೀರು ಹೇಗಿದೆ?’ ಎಂಬುದೂ ಒಂದು. ಹಿಂದೆ ಇದಕ್ಕೆ ಉತ್ತರ ಕೊಡುವುದು ಸುಲಭವಾಗಿತ್ತು. ಸಿಹಿನೀರು, ಸಪ್ಪೆನೀರು, ಉಪ್ಪುನೀರು ಎಂದು ಮೂರು ಬಗೆ. ಬೇಳೆ ಬೇಯುತ್ತದೆಯೆ, ಸಾಬೂನು ನೊರೆ ಕೊಡುತ್ತದೆಯೆ ಎಂಬ ಎರಡು ಪರೀಕ್ಷೆ. ಇಷ್ಟರಲ್ಲಿ ವಿಚಾರ ಮುಗಿಯುತ್ತಿತ್ತು. ಈಗ ಅದೇ ಮಗಳು ಹೊಸ ಸಂಸಾರ ಹೂಡುವಾಗ ನೀರಿನ ಶೋಧಕವನ್ನು ಕೊಳ್ಳಲು ಅಂಗಡಿಗೆ ಹೋದರೆ, ಗೋಡೆಯ ಉದ್ದಕ್ಕೂ ತೂಗುಹಾಕಿದ ಪೆಟ್ಟಿಗೆಗಳು ಎದುರಾಗುತ್ತವೆ. ಒಂದರ ಮೇಲೆ ‘ಆರ್.ಒ.’ ಎಂದಿದೆ, ಇನ್ನೊಂದರ ಮೇಲೆ ‘ಯು.ವಿ.’ ಎಂದಿದೆ, ಮತ್ತೊಂದರ ಮೇಲೆ ಎರಡೂ ಇದ್ದು ಜತೆಗೆ ‘ಯು.ಎಫ್.’ ಎಂದೂ ಸೇರಿದೆ. ಅಕ್ಷರಗಳು ಹೆಚ್ಚಿದಂತೆಲ್ಲ ಬೆಲೆಯೂ ಹೆಚ್ಚುತ್ತದೆ. ಇವುಗಳಲ್ಲಿ ಉತ್ತಮವಾದುದು ಯಾವುದು ಎಂದು ಕೇಳಿದರೆ ಅಂಗಡಿಯವನು ಸಹಜವಾಗಿಯೇ ಹೆಚ್ಚು ಬೆಲೆಯದರ ಕಡೆಗೆ ಕೈ ತೋರಿಸುತ್ತಾನೆ.

ಆ ಪ್ರಶ್ನೆಯೇ ಸರಿಯಾದುದಲ್ಲವೆಂದು ನಮ್ಮ ಅಭಿಪ್ರಾಯ. ‘ಔಷಧಗಳಲ್ಲಿ ಉತ್ತಮವಾದುದು ಯಾವುದು?’ ಎಂದು ಯಾರೂ ಕೇಳುವುದಿಲ್ಲವಷ್ಟೆ. ರೋಗ ಯಾವುದೆಂದು ತಿಳಿಯದೆ ಔಷಧವನ್ನು ಹೇಳುವುದು ಸಾಧ್ಯವಿಲ್ಲ. ಹಾಗೆಯೇ ನೀರಿನಲ್ಲಿ ಏನಿದೆ ಎಂಬುದನ್ನು ಅರಿಯದೆ ಶೋಧಕವನ್ನು ಆರಿಸುವುದೂ ಸಾಧ್ಯವಿಲ್ಲ. ಈ ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳಲು ಮೂರು ಮನೆಗಳನ್ನು ಕಣ್ಣ ಮುಂದೆ ಇರಿಸಿಕೊಳ್ಳೋಣ. ಒಂದು ಮನೆ ಬೆಂಗಳೂರಿನಲ್ಲಿದೆ. ಅದಕ್ಕೆ ಕಾವೇರಿಯ ನಲ್ಲಿನೀರು. ಎರಡನೆಯದು ತುಮಕೂರು ಜಿಲ್ಲೆಯ ಪಾವಗಡದ ಕಡೆಯದು. ಅಲ್ಲಿ ಆಳವಾದ ಕೊಳವೆಬಾವಿಯೇ ಗತಿ. ಮೂರನೆಯದು ಮಲೆನಾಡಿನ ಅಡಕೆ ತೋಟದ ನಡುವಿನ ಮನೆ. ಅಂಗಳದಲ್ಲಿ ತೆರೆದ ಬಾವಿ ಇದೆ. ಈ ಮೂರು ಮನೆಗಳ ನೀರನ್ನು ಮೂರು ಗಾಜಿನ ಲೋಟಗಳಲ್ಲಿ ತುಂಬಿಟ್ಟರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯದಿರಬಹುದು. ಆದರೆ ಅವುಗಳ ದೋಷಗಳು ಒಂದಕ್ಕೊಂದು ಸಂಬಂಧವಿಲ್ಲದವು.

ಮೋಡದಿಂದ ಬೀಳುವ ಹನಿ ಹೆಚ್ಚುಕಡಮೆ ಶುದ್ಧವೇ. ನೆಲವನ್ನು ಮುಟ್ಟಿದ ಕ್ಷಣದಿಂದ ಅದು ಸಿಕ್ಕಿದ್ದನ್ನೆಲ್ಲ ಕೂಡಿಹಾಕಿಕೊಳ್ಳಲಾರಂಭಿಸುತ್ತದೆ. ಜೇಡಿ, ಮರಳುಪುಡಿ, ಎಲೆಯ ಚೂರು ಮುಂತಾದವು ಅದರಲ್ಲಿ ತೇಲಾಡುತ್ತವೆ. ಮನುಷ್ಯರ ಮತ್ತು ದನಕರುಗಳ ಮಲದಿಂದ ರೋಗಾಣುಗಳು ಸೇರುತ್ತವೆ. ಬಂಡೆಯ ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಫ್ಲೋರೈಡ್ ಮೊದಲಾದ ಲವಣಾಂಶಗಳು ಕರಗುತ್ತವೆ. ಇವಲ್ಲದೆ ಬಣ್ಣ, ವಾಸನೆ, ಕೀಟನಾಶಕಗಳ ಶೇಷ ಇತ್ಯಾದಿ ಕಾರ್ಬನಿಕ ವಸ್ತುಗಳೂ ಉಂಟು. ತೇಲುವ ಕಣ, ಜೀವಾಣು, ಕರಗಿದ ಲವಣ, ಕಾರ್ಬನಿಕ ವಸ್ತು ಎಂಬ ಈ ನಾಲ್ಕು ವೈರಿಗಳ ಗಾತ್ರ ಬೇರೆ, ಸ್ವಭಾವ ಬೇರೆ. ಒಂದನ್ನು ಹಿಡಿಯುವ ಬಲೆಗೆ ಇನ್ನೊಂದು ಸಿಕ್ಕುವುದಿಲ್ಲ.

ಮೊದಲು ಗಾತ್ರವನ್ನು ನೋಡೋಣ. ಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ 70ರಿಂದ 100 ಮೈಕ್ರಾನ್‌ಗಳಷ್ಟಿರುತ್ತದೆ. ಆಮಶಂಕೆಯನ್ನು ಉಂಟುಮಾಡುವ ಅಮೀಬದ ಕೋಶ 10ರಿಂದ 20 ಮೈಕ್ರಾನ್. ವಿಷಮಶೀತಜ್ವರದ ದಂಡಾಣು ಉದ್ದದಲ್ಲಿ ಎರಡು ಮೂರು ಮೈಕ್ರಾನ್ ಇದ್ದರೂ ಅಗಲ ಅರ್ಧ ಮೈಕ್ರಾನಿನಷ್ಟೆ. ಪೋಲಿಯೊ ವೈರಸ್ಸು ಕೇವಲ 0.03 ಮೈಕ್ರಾನ್. ಇನ್ನು ಕರಗಿದ ಲವಣದ ಅಯಾನುಗಳೋ, 0.001 ಮೈಕ್ರಾನಿಗಿಂತಲೂ ಚಿಕ್ಕವು. ಅಮೀಬದ ಕೋಶವನ್ನು ಒಂದು ಕುಂಬಳಕಾಯಿಯಷ್ಟು ದೊಡ್ಡದು ಮಾಡಿದರೆ ಪೋಲಿಯೊ ವೈರಸ್ಸು ರಾಗಿಕಾಳಿಗಿಂತ ಚಿಕ್ಕದಾಗಿ ಕಾಣುತ್ತದೆ.

ನಮ್ಮ ಹಳ್ಳಿಗಳಲ್ಲಿ ಬಿಂದಿಗೆಯ ಬಾಯಿಗೆ ಪಂಚೆಯ ತುಂಡನ್ನು ಕಟ್ಟಿ ನೀರು ಸೋಸುವ ವಾಡಿಕೆಯಿದೆ. ಬಟ್ಟೆಯ ಕಣ್ಣಿಗೂ ಬ್ಯಾಕ್ಟೀರಿಯಕ್ಕೂ ಇರುವ ಅಂತರವನ್ನು ನೋಡಿದರೆ ಇದು ಕಸಕಡ್ಡಿಗೆ ಮಾತ್ರ ಸಾಕೆಂದು ತೋರುತ್ತದೆ. ಆದರೆ ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಸೀರೆಯನ್ನು ಮಡಿಸಿ ಕೆರೆಯ ನೀರನ್ನು ಸೋಸಿದ ಕುಟುಂಬಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು ಇಳಿದುದು ಕಂಡುಬಂದಿತು. ಕಾಲರಾ ರೋಗಾಣುಗಳು ನೀರಿನಲ್ಲಿ ಒಂಟಿಯಾಗಿ ತೇಲುವುದಕ್ಕಿಂತ ಹೆಚ್ಚಾಗಿ ಸಣ್ಣ ಜಲಕೀಟಗಳ ಮೈಗೆ ಅಂಟಿಕೊಂಡಿರುತ್ತವೆ. ಆ ಕೀಟ ಬಟ್ಟೆಯಲ್ಲಿ ಸಿಕ್ಕಿಕೊಂಡರೆ ಸವಾರನೂ ಸಿಕ್ಕಿಬೀಳುತ್ತಾನೆ. ಹೊಸ ಸೀರೆಗಿಂತ ಹಳೆಯದೇ ಉತ್ತಮ, ಏಕೆಂದರೆ ಒಗೆದು ಒಗೆದು ನೂಲಿನ ಎಳೆಗಳು ಬಿಚ್ಚಿಕೊಂಡು ಕಣ್ಣುಗಳು ಕಿರಿದಾಗುತ್ತವೆ. ಆದರೂ ಅರ್ಧ ಎಂದರೆ ಅರ್ಧವೇ. ಉಳಿದ ಅರ್ಧಕ್ಕೆ ಬಟ್ಟೆ ಉತ್ತರ ಹೇಳಲಾರದು.

ಮರಳಿನ ಶೋಧಕದ ಸಾಮರ್ಥ್ಯ ಲೋಕಕ್ಕೆ ಮನವರಿಕೆಯಾದುದು 1892ರಲ್ಲಿ. ಜರ್ಮನಿಯ ಹ್ಯಾಂಬುರ್ಗ್ ಮತ್ತು ಆಲ್ಟೋನಾ ಎಂಬ ಎರಡು ಪಟ್ಟಣಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡೂ ಎಲ್ಬೆ ನದಿಯ ನೀರನ್ನೇ ಕುಡಿಯುತ್ತಿದ್ದವು. ಹ್ಯಾಂಬುರ್ಗಿನವರು ನದಿಯ ನೀರನ್ನು ಸೋಸದೆ ಕೊಳಾಯಿಗೆ ಬಿಡುತ್ತಿದ್ದರು. ಆಲ್ಟೋನಾದವರು ಇನ್ನೂ ಕೆಳಗಡೆ, ಹ್ಯಾಂಬುರ್ಗಿನ ಚರಂಡಿ ಸೇರಿದ ಮೇಲೆ ನೀರೆತ್ತುತ್ತಿದ್ದರು; ಆದರೆ ಅದನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸುತ್ತಿದ್ದರು. ಆ ವರ್ಷ ಕಾಲರಾ ಬಂದಾಗ ಹ್ಯಾಂಬುರ್ಗಿನಲ್ಲಿ 8,000ಕ್ಕೂ ಮಿಕ್ಕಿ ಜನ ಸತ್ತರು. ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಗಡಿಯಾಗಿದ್ದ ಬೀದಿಯ ಈಚೆಗೆ ರೋಗ, ಆಚೆಗೆ ಇಲ್ಲ! ಮರಳಿನ ಸಂದುಗಳು ಬ್ಯಾಕ್ಟೀರಿಯಕ್ಕಿಂತ ಬಹಳ ದೊಡ್ಡವಾಗಿದ್ದರೂ ಮರಳಿನ ಮೇಲ್ಪದರದಲ್ಲಿ ಬೆಳೆಯುವ ಲೋಳೆಯಂತಹ ಜೀವಿಪದರ ಅವುಗಳನ್ನು ಹಿಡಿದು ತಿಂದುಹಾಕುತ್ತದೆ. ಶೋಧಕವೆಂದರೆ ಕೇವಲ ಜರಡಿಯಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಮನೆಮನೆಯಲ್ಲಿದ್ದ ಸ್ಟೀಲಿನ ಡಬ್ಬಿಯ ಫಿಲ್ಟರಿನೊಳಗಿನ ಬಿಳಿಯ ‘ಕ್ಯಾಂಡಲ್’ ಬೇಯಿಸಿದ ಪಿಂಗಾಣಿಮಣ್ಣಿನದು. ಪಾಶ್ಚರನ ಪ್ರಯೋಗಶಾಲೆಯಲ್ಲಿದ್ದ ಚಾರ್ಲ್ಸ್ ಚೇಂಬರ್ಲೆಂಡ್ 1884ರಲ್ಲಿ ರಚಿಸಿದ ಪಿಂಗಾಣಿ ಶೋಧಕ ಈ ವಂಶದ ಹಿರಿಯ. ಅದರ ರಂಧ್ರಗಳು ಎಷ್ಟು ಸೂಕ್ಷ್ಮವೆಂದರೆ ಬ್ಯಾಕ್ಟೀರಿಯಗಳು ಹಾದುಹೋಗಲಾರವು. 1892ರಲ್ಲಿ ರಷ್ಯದ ಇವನೋವ್‌ಸ್ಕಿ ಎಂಬಾತ ರೋಗ ತಗುಲಿದ ಹೊಗೆಸೊಪ್ಪಿನ ರಸವನ್ನು ಇಂತಹ ಶೋಧಕದಲ್ಲಿ ಸೋಸಿ, ಸೋಸಿದ ರಸವನ್ನು ಆರೋಗ್ಯವಾದ ಗಿಡಕ್ಕೆ ಹಚ್ಚಿದ. ಆ ಗಿಡಕ್ಕೂ ರೋಗ ಬಂದಿತು. ಬ್ಯಾಕ್ಟೀರಿಯಕ್ಕಿಂತ ಕಿರಿದಾದ ಯಾವುದೋ ಒಂದು ರೋಗಕಾರಕ ಉಂಟೆಂಬುದು ಹೀಗೆ ತಿಳಿದುಬಂದಿತು. ವೈರಸ್ಸುಗಳ ವಿಜ್ಞಾನವೇ ಒಂದು ಶೋಧಕದ ಸೋಲಿನಿಂದ ಹುಟ್ಟಿತೆನ್ನಬಹುದು! ನಮ್ಮ ಅಡುಗೆಮನೆಗೂ ಈ ಪಾಠ ಅನ್ವಯಿಸುತ್ತದೆ. ಒಳ್ಳೆಯ ಕ್ಯಾಂಡಲ್ ಆಮಶಂಕೆಯನ್ನು ಪೂರ್ತಿಯಾಗಿಯೂ ವಿಷಮಶೀತಜ್ವರವನ್ನು ಬಹುಪಾಲಾಗಿಯೂ ತಡೆಯಬಲ್ಲದು. ಕಾಮಾಲೆ ತರುವ ವೈರಸ್ಸನ್ನು ತಡೆಯುವ ಭರವಸೆ ಕೊಡಲಾರದು.

ಈಚಿನ ಕಾಲದ ‘ಯು.ಎಫ್.’ ಎಂಬುದು ಈ ಕ್ಯಾಂಡಲಿನ ಮೊಮ್ಮಗ. ಶಾವಿಗೆಯಂತಹ ಟೊಳ್ಳು ನಾರುಗಳ ಗೋಡೆಯಲ್ಲಿ 0.01 ಮೈಕ್ರಾನಿನ ಆಸುಪಾಸಿನ ರಂಧ್ರಗಳಿರುತ್ತವೆ. ಬ್ಯಾಕ್ಟೀರಿಯ ಹಾಗಿರಲಿ, ಬಹುತೇಕ ವೈರಸ್ಸುಗಳೂ ಇದನ್ನು ದಾಟಲಾರವು. ವಿದ್ಯುತ್ತು ಬೇಡ, ಮಾಳಿಗೆಯ ತೊಟ್ಟಿಯ ಒತ್ತಡವೇ ಸಾಕು. ಕರಗಿದ ಲವಣಕ್ಕೆ ಮಾತ್ರ ಇದು ತೆರೆದ ಬಾಗಿಲು.

ಜೀವಾಣುಗಳನ್ನು ಹಿಡಿಯುವುದರ ಬದಲು ಕೊಂದುಬಿಡುವುದು ಇನ್ನೊಂದು ಮಾರ್ಗ. ಕುದಿಸುವುದು ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ನಂಬಿಕೆಯದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಕಡಮೆಯಾದ್ದರಿಂದ ನೀರು 97 ಡಿಗ್ರಿಗೇ ಕುದಿಯುತ್ತದೆ. ಇದರಿಂದ ರೋಗಾಣುಗಳು ಉಳಿದಾವೆಂದು ಕೆಲವರು ಶಂಕಿಸುವುದುಂಟು. ಶಂಕೆಗೆ ಕಾರಣವಿಲ್ಲ. ನೀರಿನಿಂದ ಹರಡುವ ರೋಗಾಣುಗಳು 70 ಡಿಗ್ರಿ ದಾಟಿದರೆ ಬೇಗನೆ ಸಾಯುತ್ತವೆ. ಕುದಿಯನ್ನು ಗುರುತಾಗಿ ಇಟ್ಟುಕೊಂಡಿರುವುದು ಅಡುಗೆಮನೆಯಲ್ಲಿ ಉಷ್ಣಮಾಪಕ ಇಲ್ಲವೆಂಬ ಕಾರಣಕ್ಕಾಗಿ. ಗುಳ್ಳೆಗಳು ಉಕ್ಕಿ ಮಗುಚುವಂತೆ ಒಂದು ನಿಮಿಷ ಕುದಿಸಿದರೆ ಸಾಕು. ಆದರೆ ಖರ್ಚನ್ನು ಲೆಕ್ಕ ಹಾಕೋಣ. ಒಂದು ಲೀಟರ್ ನೀರನ್ನು 25ರಿಂದ 97 ಡಿಗ್ರಿಗೆ ಏರಿಸಲು 72 ಕಿಲೊಕ್ಯಾಲರಿ, ಅಂದರೆ ಸುಮಾರು 300 ಕಿಲೊಜೌಲ್ ಬೇಕು. ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್ ಬೇಕಾದ ಕುಟುಂಬಕ್ಕೆ ಇದು 6,000 ಕಿಲೊಜೌಲ್. ವಿದ್ಯುತ್ತಿನಲ್ಲಿ ಹೇಳುವುದಾದರೆ ಒಂದೂ ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಡಮೆ. ಒಲೆಯಲ್ಲಿ ಪೋಲಾಗುವ ಶಾಖ ಬೇರೆ.

ಅತಿನೇರಳೆ ಕಿರಣಗಳು ಇದೇ ಕೆಲಸವನ್ನು ಬಹಳ ಅಗ್ಗದಲ್ಲಿ ಮಾಡುತ್ತವೆ. ಬಿಸಿಲಿಗೆ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಶಕ್ತಿಯಿದೆಯೆಂಬುದನ್ನು ಡೌನ್ಸ್ ಮತ್ತು ಬ್ಲಂಟ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು 1877ರಲ್ಲಿ ತೋರಿಸಿದರು. ಮನೆಯ ಯಂತ್ರದಲ್ಲಿ ಬಿಸಿಲಿನ ಬದಲು ಪಾದರಸದ ಆವಿಯ ದೀಪವಿರುತ್ತದೆ. ಅದರ ಬೆಳಕಿನ ಅಲೆಯುದ್ದ ಮುಖ್ಯವಾಗಿ 254 ನ್ಯಾನೊಮೀಟರ್. ಜೀವಕೋಶದ ಡಿ.ಎನ್.ಎ. ಈ ನೆರೆಯ ಕಿರಣಗಳನ್ನು ಚೆನ್ನಾಗಿ ಹೀರಿಕೊಂಡು ತನ್ನೊಳಗೆ ಅಸಹಜವಾದ ಗಂಟುಗಳನ್ನು ಹಾಕಿಕೊಳ್ಳುತ್ತದೆ. ಅಂತಹ ಜೀವಾಣು ಬದುಕಿದ್ದರೂ ಸಂತಾನ ಬೆಳೆಸಲಾರದು. ಸಾಮಾನ್ಯವಾದ ಗಾಜು ಈ ಕಿರಣವನ್ನು ಬಿಡುವುದಿಲ್ಲವಾದ್ದರಿಂದ ದೀಪದ ಸುತ್ತ ಕ್ವಾರ್ಟ್ಸ್ ಕೊಳವೆಯನ್ನೇ ಹಾಕಬೇಕು. ಹನ್ನೊಂದು ವ್ಯಾಟಿನ ದೀಪ ಗಂಟೆಗೆ 60 ಲೀಟರ್ ನೀರನ್ನು ಶುದ್ಧಿಮಾಡುವುದೆಂದರೆ, ನಮ್ಮ ಇಪ್ಪತ್ತು ಲೀಟರಿಗೆ ಬೇಕಾದ ವಿದ್ಯುತ್ತು ಕುದಿಸುವುದಕ್ಕೆ ಬೇಕಾದುದರ ನಾನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಆದರೆ ಬೆಳಕು ತಲುಪಬೇಕಲ್ಲ! ನೀರು ಕದಡಿದ್ದರೆ ಜೇಡಿಯ ಕಣದ ನೆರಳಿನಲ್ಲಿ ಅವಿತ ರೋಗಾಣು ಬದುಕಿಕೊಳ್ಳುತ್ತದೆ. ಕ್ವಾರ್ಟ್ಸಿನ ಮೇಲೆ ಕಬ್ಬಿಣದ ಕಿಲುಬೋ ಸುಣ್ಣದ ಪೊರೆಯೋ ಕಟ್ಟಿದರೂ ಅಷ್ಟೆ. ಕರೆಂಟು ಹೋದರೆ ಕೆಲಸವೂ ನಿಂತಿತು.

ಇದ್ದಿಲಿನ ವಿಚಾರವನ್ನು ಬೇಗನೆ ಮುಗಿಸಬಹುದು. ತೆಂಗಿನ ಚಿಪ್ಪನ್ನು ಸುಟ್ಟು ವಿಶೇಷ ರೀತಿಯಲ್ಲಿ ಹದಗೊಳಿಸಿದ ಇದ್ದಿಲಿನಲ್ಲಿ ಅಸಂಖ್ಯಾತವಾದ ಸೂಕ್ಷ್ಮ ಗುಹೆಗಳಿದ್ದು, ಒಂದು ಗ್ರಾಂ ಇದ್ದಿಲಿನ ಒಳಮೈ ಸಾವಿರ ಚದರ ಮೀಟರಿನಷ್ಟಾಗಬಹುದು. ವಾಸನೆ, ಬಣ್ಣ, ಕೀಟನಾಶಕಗಳ ಅಣುಗಳು ಈ ಮೈಗೆ ಅಂಟಿಕೊಳ್ಳುತ್ತವೆ. ಇದಕ್ಕೆ ಅಧಿಶೋಷಣೆ ಎಂದು ಹೆಸರು. ಕ್ಲೋರಿನ್ನನ್ನೂ ಇದ್ದಿಲು ತೆಗೆದುಹಾಕುತ್ತದೆ. ಅದು ರುಚಿಗೆ ಒಳ್ಳೆಯದು, ರಕ್ಷಣೆಗೆ ಅಲ್ಲ. ಕ್ಲೋರಿನ್ ಕಳೆದುಕೊಂಡ ನೀರು ಇದ್ದಿಲಿನ ಗುಹೆಗಳಲ್ಲಿ ನಿಂತರೆ ಅಲ್ಲಿಯೇ ಬ್ಯಾಕ್ಟೀರಿಯಗಳು ಬೀಡುಬಿಡುತ್ತವೆ. ಆದ್ದರಿಂದ ಇದ್ದಿಲಿನ ನಂತರ ಅತಿನೇರಳೆ ದೀಪವೋ ಸೂಕ್ಷ್ಮ ಪೊರೆಯೋ ಇರಲೇಬೇಕು.

ಈಗ ಕರಗಿದ ಲವಣಗಳ ವಿಚಾರಕ್ಕೆ ಬರೋಣ. ಆರ್.ಒ. ಎಂಬುದರ ಬಗ್ಗೆ ಜನರಲ್ಲಿ ಇರುವಷ್ಟು ಭಕ್ತಿಯೂ ಇರುವಷ್ಟು ತಪ್ಪು ತಿಳಿವಳಿಕೆಯೂ ಬೇರೆ ಯಾವುದರ ಬಗ್ಗೆಯೂ ಇಲ್ಲ. 1748ರಲ್ಲಿ ಫ್ರಾನ್ಸಿನ ಪಾದ್ರಿ ನೊಲೆ ಎಂಬಾತ, ಮದ್ಯಸಾರವಿದ್ದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟಾಗ, ನೀರು ಪೊರೆಯ ಮೂಲಕ ಒಳಗೆ ನುಗ್ಗಿ ಪೊರೆ ಉಬ್ಬಿದುದನ್ನು ಕಂಡ. ಒಣದ್ರಾಕ್ಷಿ ನೀರಿನಲ್ಲಿ ಊದಿಕೊಳ್ಳುವುದೂ ಉಪ್ಪು ಸವರಿದ ಮಾವಿನ ಹೋಳು ನೀರೊಡೆಯುವುದೂ ಇದೇ ತತ್ತ್ವದಿಂದ. ತೆಳು ದ್ರಾವಣದಿಂದ ಮಂದ ದ್ರಾವಣದ ಕಡೆಗೆ ಅರೆವ್ಯಾಪ್ಯ ಪೊರೆಯ ಮೂಲಕ ನೀರು ಹರಿಯುವ ಈ ಕ್ರಿಯೆಯೇ ಅಭಿಸರಣೆ. ಮಂದ ದ್ರಾವಣದ ಮೇಲೆ ಒತ್ತಡ ಹಾಕಿ ಇದನ್ನು ತಡೆಯಬಹುದು. ಇನ್ನೂ ಹೆಚ್ಚು ಒತ್ತಿದರೆ ನೀರನ್ನು ಹಿಂದಕ್ಕೆ ತಿರುಗಿಸಬಹುದು. ಇದು ವಿಲೋಮ ಅಭಿಸರಣೆ, ಅಂದರೆ ಆರ್.ಒ. ತತ್ತ್ವ ಸುಲಭವಾದರೂ ಸಾಕಷ್ಟು ನೀರು ಬಿಡುವ ಪೊರೆ ಸಿಕ್ಕಿರಲಿಲ್ಲ. ಅಂತಹ ಪೊರೆಯನ್ನು 1960ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ತಯಾರಿಸಿದ ಇಬ್ಬರಲ್ಲಿ ಒಬ್ಬರು ಸಿಡ್ನಿ ಲೋಬ್, ಇನ್ನೊಬ್ಬರು ನಮ್ಮ ದೇಶದವರಾದ ಶ್ರೀನಿವಾಸ ಸೌರಿರಾಜನ್.

ತಡೆಯಲು ಬೇಕಾದ ಒತ್ತಡವೆಷ್ಟು? 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಪಾರಿತೋಷಕ ಪಡೆದ ವಾಂಟ್ ಹಾಫ್ ತೋರಿಸಿದಂತೆ, ಅದು ಅನಿಲನಿಯಮವನ್ನೇ ಹೋಲುತ್ತದೆ: ಒಂದು ಲೀಟರಿನಲ್ಲಿರುವ ಕಣಗಳ ಮೋಲ್ ಸಂಖ್ಯೆಯನ್ನು ಅನಿಲ ಸ್ಥಿರಾಂಕದಿಂದಲೂ ಕೆಲ್ವಿನ್ ಉಷ್ಣತೆಯಿಂದಲೂ ಗುಣಿಸಬೇಕು. ಲೀಟರಿಗೆ 500 ಮಿಲಿಗ್ರಾಂ ಅಡುಗೆ ಉಪ್ಪು ಕರಗಿದೆಯೆನ್ನೋಣ. ಉಪ್ಪಿನ ಮೋಲ್ ತೂಕ 58.5 ಗ್ರಾಂ ಆದ್ದರಿಂದ ಇದು 0.0085 ಮೋಲ್, ಪ್ರತಿಯೊಂದು ಎರಡು ಅಯಾನುಗಳಾಗಿ ಒಡೆಯುವುದರಿಂದ 0.017. ಇದನ್ನು 0.082ರಿಂದಲೂ 300ರಿಂದಲೂ ಗುಣಿಸಿದರೆ ಸುಮಾರು 0.42 ವಾಯುಮಂಡಲದ ಒತ್ತಡ ಬರುತ್ತದೆ. ಲೀಟರಿಗೆ 35 ಗ್ರಾಂ ಲವಣವಿರುವ ಸಮುದ್ರದ ನೀರಿಗಾದರೆ ಇದು 30ಕ್ಕೆ ಸಮೀಪ. ಹತ್ತು ಮೀಟರ್ ಎತ್ತರದ ನೀರಿನ ಕಂಬಕ್ಕೆ ಒಂದು ವಾಯುಮಂಡಲದ ಒತ್ತಡವೆಂಬುದು ವಿದ್ಯಾರ್ಥಿಗಳಿಗೆ ಗೊತ್ತಿದೆ. ನಲ್ಲಿಗಿಂತ ಆರು ಮೀಟರ್ ಮೇಲಿರುವ ತೊಟ್ಟಿ ಕೊಡುವುದು 0.6 ಮಾತ್ರ, 0.42 ಅನ್ನು ಕಳೆದರೆ ಏನೂ ಉಳಿದಂತಾಗಲಿಲ್ಲ. ಆದ್ದರಿಂದಲೇ ಈ ಯಂತ್ರದೊಳಗೆ ನಾಲ್ಕೈದು ವಾಯುಮಂಡಲದಷ್ಟು ಒತ್ತುವ ಸಣ್ಣ ಪಂಪು ಗುರುಗುಟ್ಟುತ್ತಿರುತ್ತದೆ.

ಪೊರೆಯ ಈಚೆ ಉಳಿದ ಲವಣವನ್ನು ತೊಳೆದುಹಾಕದಿದ್ದರೆ ಅದು ದಟ್ಟವಾಗಿ ಪೊರೆಯನ್ನೇ ಮುಚ್ಚುತ್ತದೆ. ಆದುದರಿಂದ ಒಂದು ಪಾಲು ನೀರು ಸದಾ ಹೊರಗೆ ಹರಿಯುತ್ತಲೇ ಇರಬೇಕು. ಸಾಮಾನ್ಯ ಗೃಹಯಂತ್ರದಲ್ಲಿ ಒಂದು ಲೀಟರ್ ಶುದ್ಧವಾದ ನೀರಿಗೆ ಸುಮಾರು ಮೂರು ಲೀಟರ್ ಚರಂಡಿಗೆ ಹೋಗುತ್ತದೆ. ಹೀಗೆ ಹೊರಹೋಗುವ ನೀರು ವಿಷವೆಂದು ಅನೇಕರು ಭಾವಿಸಿದ್ದಾರೆ. ನಾಲ್ಕು ಲೀಟರಿನ ಲವಣವೆಲ್ಲ ಮೂರು ಲೀಟರಿನಲ್ಲಿ ಉಳಿಯಿತೆಂದು ಇಟ್ಟುಕೊಂಡರೂ ಅದರ ಸಾಂದ್ರತೆ ಮೊದಲಿದ್ದುದರ ಮೂರನೆಯ ನಾಲ್ಕು ಪಟ್ಟು ಮಾತ್ರ. ಅಂದರೆ ಲೀಟರಿಗೆ 300 ಮಿಲಿಗ್ರಾಂ ಲವಣವಿದ್ದ ನೀರು ಹೊರಬೀಳುವಾಗ 400 ಆಗಿರುತ್ತದೆ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನಕವು ಅಪೇಕ್ಷಣೀಯವೆಂದು ಹೇಳುವ ಮಿತಿ 500. ಬೇರೆ ಜಲಮೂಲವಿಲ್ಲದಿದ್ದರೆ 2,000ದವರೆಗೂ ಒಪ್ಪುತ್ತದೆ. ಲವಣದ ದೃಷ್ಟಿಯಿಂದ ಕುಡಿಯಲು ಅಡ್ಡಿಯಿಲ್ಲದ ನೀರನ್ನೇ ನಾವು ಚರಂಡಿಗೆ ಹಾಯಿಸುತ್ತಿದ್ದೇವೆ!

ಬೆಂಗಳೂರಿನ ಮನೆಯಲ್ಲಿ ಇದು ಇನ್ನೂ ನೋವಿನ ಸಂಗತಿ. ಕಾವೇರಿಯ ನೀರು ಸುಮಾರು ನೂರು ಕಿಲೊಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ 500 ಮೀಟರಿನಷ್ಟು ಮೇಲಕ್ಕೇರಿ ಬರುತ್ತದೆ. ಒಂದು ಲೀಟರನ್ನು ಅಷ್ಟು ಎತ್ತಲು, ಕೊಳವೆಯ ಘರ್ಷಣೆಯನ್ನು ಬಿಟ್ಟರೂ, 4,900 ಜೌಲ್ ಬೇಕು. ದಿನಕ್ಕೆ 60 ಲೀಟರ್ ಚೆಲ್ಲುವ ಒಂದು ಮನೆಯ ಲೆಕ್ಕ ದೊಡ್ಡದಲ್ಲ, ಒಂದು ಲೀಟರ್ ಕುದಿಸಿದಷ್ಟೆ. ಆದರೆ ಅಂತಹ ಮನೆಗಳು ಒಂದು ಲಕ್ಷವಿದ್ದರೆ ದಿನಕ್ಕೆ 60 ಲಕ್ಷ ಲೀಟರ್ ನೀರೂ 8,000 ಯೂನಿಟ್ಟಿಗೆ ಕಡಮೆಯಿಲ್ಲದ ವಿದ್ಯುತ್ತೂ ಚರಂಡಿಯ ಪಾಲು. 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು, ಕರಗಿದ ವಸ್ತು ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಮೆಯಿರುವ ಕಡೆಗಳಲ್ಲಿ ಈ ಯಂತ್ರವನ್ನು ನಿಷೇಧಿಸಲು ನಿಯಮ ರೂಪಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿದುದು ಇಂತಹ ಕಾರಣಗಳಿಂದಲೇ.

ಹಾಗಿದ್ದರೂ ಕಾವೇರಿ ನೀರಿನ ಮನೆಗಳಲ್ಲಿ ಆರ್.ಒ. ಯಂತ್ರಗಳು ಏಕೆ ಇಷ್ಟೊಂದು ಮಾರಾಟವಾಗುತ್ತವೆ? ಮನೆಬಾಗಿಲಿಗೆ ಬರುವ ಮಾರಾಟಗಾರನ ಕೈಯಲ್ಲಿ ಎರಡು ಉಪಕರಣಗಳಿರುತ್ತವೆ. ಭೌತಶಾಸ್ತ್ರದ ವಿದ್ಯಾರ್ಥಿಗಳು ಅವೆರಡನ್ನೂ ಚೆನ್ನಾಗಿ ಅರಿತಿರಬೇಕು.

ಮೊದಲನೆಯದು ಪೆನ್ನಿನಂತಹ ‘ಟಿ.ಡಿ.ಎಸ್.’ ಮಾಪಕ. ನೀರಿನಲ್ಲಿ ಅದ್ದಿದೊಡನೆ ಅಂಕಿ ಮೂಡುತ್ತದೆ; ಅಂಕಿ ದೊಡ್ಡದಾದರೆ ನೀರು ಕೆಟ್ಟದ್ದು ಎನ್ನುತ್ತಾನೆ. ಈ ಮಾಪಕ ನಿಜವಾಗಿ ಅಳೆಯುವುದು ವಿದ್ಯುದ್ವಾಹಕತೆಯನ್ನು. ಅದನ್ನು ಒಂದು ಗುಣಕದಿಂದ ಗುಣಿಸಿ ಲವಣದ ತೂಕವೆಂದು ತೋರಿಸುತ್ತದೆ. ವಿದ್ಯುತ್ತನ್ನು ಒಯ್ಯದ ವಸ್ತು ಅದಕ್ಕೆ ಕಾಣುವುದೇ ಇಲ್ಲ. ಲೋಟಕ್ಕೆ ಸಕ್ಕರೆ ಹಾಕಿ ಕದಡಿದರೂ ಅಂಕಿ ಏರುವುದಿಲ್ಲ. ಕೀಟನಾಶಕ ಕಾಣದು, ರೋಗಾಣು ಕಾಣದು. ಅದೇ ಮಾಪಕವನ್ನು ಎಳನೀರಿನಲ್ಲಿ ಅದ್ದಿ ನೋಡಿ: ಪೊಟಾಸಿಯಂ ಲವಣದಿಂದಾಗಿ ಅಂಕಿ ಸಾವಿರವನ್ನು ಮೀರುತ್ತದೆ. ಹಾಗೆಂದು ಎಳನೀರನ್ನು ಚೆಲ್ಲುವವರುಂಟೆ? ಅಷ್ಟೇ ಅಲ್ಲ, ಅಯಾನುಗಳೊಳಗೂ ಅದು ಭೇದವೆಣಿಸದು. 600 ಎಂಬ ಅಂಕಿಯೊಳಗೆ ನಿರಪಾಯಕಾರಿಯಾದ ಕ್ಯಾಲ್ಸಿಯಂ ಎಷ್ಟು, ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಎಷ್ಟು ಎಂದು ಅದು ಹೇಳಲಾರದು. ಫ್ಲೋರೈಡಿನ ಮಿತಿ ಲೀಟರಿಗೆ ಒಂದೂವರೆ ಮಿಲಿಗ್ರಾಂ. ಆರು ನೂರರಲ್ಲಿ ಅದೆಷ್ಟರ ಮಾತು!

ಎರಡನೆಯದು ಇನ್ನೂ ಚಮತ್ಕಾರದ್ದು. ನಾಲ್ಕು ಲೋಹದ ಸರಳುಗಳನ್ನು ಎರಡು ಲೋಟಗಳಲ್ಲಿ ಇಳಿಬಿಟ್ಟು ವಿದ್ಯುತ್ತು ಹಾಯಿಸುತ್ತಾನೆ. ಒಂದು ಲೋಟದಲ್ಲಿ ಮನೆಯ ನಲ್ಲಿನೀರು, ಇನ್ನೊಂದರಲ್ಲಿ ಅವನ ಯಂತ್ರದ ನೀರು. ಎರಡು ನಿಮಿಷದಲ್ಲಿ ನಲ್ಲಿನೀರು ಕಂದುಬಣ್ಣಕ್ಕೆ ತಿರುಗಿ ಕೊಚ್ಚೆಯಾಗುತ್ತದೆ. ಯಂತ್ರದ ನೀರು ತಿಳಿಯಾಗಿಯೇ ಇರುತ್ತದೆ. ‘ನೋಡಿ, ನಿಮ್ಮ ಮಕ್ಕಳು ಇದನ್ನು ಕುಡಿಯುತ್ತಿದ್ದಾರೆ’ ಎಂದಾಗ ಯಾವ ತಾಯಿಗೆ ಎದೆ ನಡುಗುವುದಿಲ್ಲ? ಆ ಕೊಳೆ ನೀರಿನದಲ್ಲ, ಸರಳಿನದು. ಧನಾಗ್ರವಾದ ಕಬ್ಬಿಣ ಕರಗಿ, ನೀರಿನೊಡನೆ ಕೂಡಿ, ತುಕ್ಕಿನ ಬಣ್ಣದ ಹೈಡ್ರಾಕ್ಸೈಡಾಗಿ ತೇಲುತ್ತದೆ. ಫ್ಯಾರಡೆಯ ನಿಯಮದಂತೆ 0.1 ಆಂಪೇರ್ ಪ್ರವಾಹ ಎರಡು ನಿಮಿಷ ಹರಿದರೆ 12 ಕೂಲಂಬ್. 56 ಗ್ರಾಂ ಕಬ್ಬಿಣ ಕರಗಲು 1,93,000 ಕೂಲಂಬ್ ಬೇಕಾದ್ದರಿಂದ ಇಲ್ಲಿ ಕರಗುವುದು ಸುಮಾರು ಮೂರೂವರೆ ಮಿಲಿಗ್ರಾಂ. ಒಂದು ಲೋಟವನ್ನು ಬಗ್ಗಡ ಮಾಡಲು ಅದು ಧಾರಾಳವಾಯಿತು. ಯಂತ್ರದ ನೀರಿನಲ್ಲಿ ಅಯಾನುಗಳು ತೀರ ಕಡಮೆ. ಪ್ರವಾಹ ಹರಿಯದು, ಕಬ್ಬಿಣ ಕರಗದು. ನಮ್ಮ ತರಗತಿಯಲ್ಲಿ ಇದನ್ನು ಮಾಡಿ ತೋರಿಸುವಾಗ ಯಂತ್ರದ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕುತ್ತೇವೆ. ಸಾರಿಗೆ ಹಾಕುವ ಅದೇ ಉಪ್ಪು! ಶುದ್ಧವೆನಿಸಿದ್ದ ನೀರು ನಲ್ಲಿನೀರನ್ನೂ ಮೀರಿಸಿ ಕಂದಾಗುತ್ತದೆ. ವಿದ್ಯಾರ್ಥಿಗಳು ಇದನ್ನು ಒಂಬತ್ತು ವೋಲ್ಟಿನ ಬ್ಯಾಟರಿಯಿಂದಲೇ ಮಾಡತಕ್ಕದ್ದು. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ನೀರಿಗೆ ಇಳಿಸುವುದು ಪ್ರಾಣಾಪಾಯ.

ಇನ್ನು ನಮ್ಮ ಮೂರು ಮನೆಗಳಿಗೆ ಹಿಂದಿರುಗೋಣ. ಬೆಂಗಳೂರಿನ ಮನೆಗೆ ಬರುವ ಕಾವೇರಿಯ ನೀರಿನಲ್ಲಿ ಲವಣ ಮಿತಿಯೊಳಗಿದೆ. ಶುದ್ಧೀಕರಣ ಕೇಂದ್ರದಲ್ಲಿ ಪಟಿಕ ಹಾಕಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಸೇರಿಸಿಯೇ ಬಿಟ್ಟಿರುತ್ತಾರೆ. ಅಪಾಯವಿರುವುದು ದಾರಿಯಲ್ಲಿ. ದಿನ ಬಿಟ್ಟು ದಿನ ನೀರು ಬಿಡುವ ಕೊಳವೆಗಳಲ್ಲಿ ನೀರು ನಿಂತಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಮೆಯಾಗಿ, ಬಿರುಕುಗಳ ಮೂಲಕ ಚರಂಡಿಯ ನೀರು ಒಳಸೇರುವ ಸಂಭವವುಂಟು. ತೊಳೆಯದ ಸಂಪು, ಮುಚ್ಚಳವಿಲ್ಲದ ಮಾಳಿಗೆಯ ತೊಟ್ಟಿ ಇವೂ ಜತೆಗೂಡುತ್ತವೆ. ಇವೆಲ್ಲ ಜೀವಾಣುಗಳ ತೊಂದರೆ. ಆದುದರಿಂದ ಈ ಮನೆಗೆ ಕಣಶೋಧಕ, ಇದ್ದಿಲು, ಅದರ ಮೇಲೆ ಅತಿನೇರಳೆ ದೀಪ ಅಥವಾ ಯು.ಎಫ್. ಪೊರೆ ಇಷ್ಟಾದರೆ ಸಾಕು. ಅದೇ ಬೀದಿಯಲ್ಲಿ ಕೊಳವೆಬಾವಿಯ ನೀರನ್ನೇ ನೆಚ್ಚಿದ ಮನೆಯಿದ್ದರೆ ಲೆಕ್ಕವೇ ಬೇರೆ. ನೆರೆಮನೆಯವರು ಕೊಂಡರೆಂದು ಕೊಳ್ಳುವುದು ಸಲ್ಲದು.

ಮಲೆನಾಡಿನ ಬಾವಿಯ ನೀರಿನಲ್ಲಿ ಲವಣ ಇನ್ನೂ ಕಡಮೆ. ಮುಂಗಾರಿನ ಮೊದಲ ಮಳೆಗೆ ಕೊಟ್ಟಿಗೆಯ ರೊಚ್ಚು, ಕೊಳೆತ ಎಲೆ ಬಾವಿಗಿಳಿಯುವುದೇ ಅಲ್ಲಿನ ದೋಷ. ಬಾವಿಗೆ ಎತ್ತರದ ಕಟ್ಟೆ ಕಟ್ಟಿಸಿ, ಕಾಲಕಾಲಕ್ಕೆ ಬ್ಲೀಚಿಂಗ್ ಪುಡಿ ಹಾಕಿ, ಕ್ಯಾಂಡಲಿನಲ್ಲಿ ಸೋಸಿ, ಮಳೆಗಾಲದಲ್ಲಿ ಕುದಿಸಿ ಕುಡಿದರೆ ಆಯಿತು. ವಾರಗಟ್ಟಲೆ ಕರೆಂಟಿಲ್ಲದ ಆ ಕಡೆ ದೀಪವನ್ನು ನಂಬುವಂತಿಲ್ಲ. ತಾಮ್ರದ ಬಿಂದಿಗೆಯಲ್ಲಿ ನೀರಿಡುವ ಹಿರಿಯರ ಪದ್ಧತಿಯನ್ನೂ ಹಗುರವಾಗಿ ಕಾಣಬೇಕಿಲ್ಲ. 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟ ನೀರಿನಲ್ಲಿ ಹಲವು ಬಗೆಯ ರೋಗಕಾರಕ ಬ್ಯಾಕ್ಟೀರಿಯಗಳು ನಾಶವಾದುದನ್ನು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ.

ಪಾವಗಡದ ಮನೆಯ ವಿಚಾರ ಇವೆರಡಕ್ಕಿಂತ ಗಂಭೀರವಾದುದು. ಅಲ್ಲಿನ ನೀರು ತಿಳಿಯಾಗಿದೆ, ತಂಪಾಗಿದೆ, ಆಳದಿಂದ ಬರುವುದರಿಂದ ರೋಗಾಣುವೂ ಕಡಮೆ. ಆದರೆ ಗ್ರಾನೈಟ್ ಶಿಲೆಯಿಂದ ಕರಗಿದ ಫ್ಲೋರೈಡ್ ಇದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಎಳೆಯ ಮಕ್ಕಳಲ್ಲಿ ಹಲ್ಲು ಮೂಡುವ ಮೊದಲೇ ಅದರ ಹೊಳಪು ಕೆಟ್ಟು ಕಂದು ಪಟ್ಟೆಗಳು ಬೀಳುತ್ತವೆ. ಹತ್ತಾರು ವರ್ಷ ಕುಡಿದವರಿಗೆ ಬೆನ್ನು, ಕತ್ತು, ಮೊಣಕಾಲುಗಳು ಬಿಗಿಯುತ್ತವೆ. ಆದ ಕೇಡನ್ನು ಸರಿಪಡಿಸುವ ಔಷಧವಿಲ್ಲ. ಭಾರತದಲ್ಲಿ ಈ ರೋಗದ ವರದಿ ಮೊದಲು ಬಂದುದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಗದಗ, ಕೊಪ್ಪಳ ಮುಂತಾದ ಜಿಲ್ಲೆಗಳಲ್ಲಿಯೂ ಇದು ಪರಿಚಿತವೇ. ಈ ನೀರಿಗೆ ಕ್ಯಾಂಡಲ್ ನಿಷ್ಪ್ರಯೋಜಕ, ಅತಿನೇರಳೆ ದೀಪ ನಿಷ್ಪ್ರಯೋಜಕ. ಕುದಿಸುವುದಂತೂ ಹಾನಿಕರ: ನೀರು ಆವಿಯಾಗಿ ಹೋದಷ್ಟೂ ಉಳಿದುದರಲ್ಲಿ ಫ್ಲೋರೈಡ್ ಮಂದವಾಗುತ್ತದೆ. ‘ಕುದಿಸಿ ಕುಡಿಯಿರಿ’ ಎಂಬ ಒಳ್ಳೆಯ ಬುದ್ಧಿವಾದ ಇಲ್ಲಿ ತಿರುಗುಬಾಣವಾಗುತ್ತದೆ.

ಇಲ್ಲಿ ಆರ್.ಒ. ನಿಜವಾಗಿಯೂ ಬೇಕಾದ ಸಾಧನ. ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ‘ಶುದ್ಧ ಕುಡಿಯುವ ನೀರಿನ ಘಟಕ’ಗಳಲ್ಲಿರುವುದೂ ಇದೇ ಪೊರೆ. ಘಟಕ ಕೆಟ್ಟು ನಿಂತರೆ ಜನ ಮತ್ತೆ ಹಳೆಯ ನೀರಿಗೇ ಹೋಗಬೇಕಾಗುತ್ತದೆ ಎಂಬುದು ಅದರ ಕೊರತೆ. ಫ್ಲೋರೈಡನ್ನು ಹೀರುವ ಪಟುಗೊಳಿಸಿದ ಅಲ್ಯೂಮಿನದ ಶೋಧಕಗಳೂ ಉಂಟು. ಪಟಿಕ ಮತ್ತು ಸುಣ್ಣ ಸೇರಿಸಿ ಕದಡಿ ಇಳಿಯಬಿಡುವ ‘ನಲಗೊಂಡ ವಿಧಾನ’ವನ್ನು ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಆದರೆ ಮಾಳಿಗೆಯ ಮೇಲೆ ಬೀಳುವ ಮಳೆಯಲ್ಲಿ ಫ್ಲೋರೈಡ್ ಇಲ್ಲವೆಂಬುದನ್ನು ಮರೆಯಬಾರದು. ನೂರು ಚದರ ಮೀಟರ್ ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆಯಾದರೆ 50,000 ಲೀಟರ್. ಅರ್ಧ ಪೋಲಾದರೂ ನಮ್ಮ ಇಪ್ಪತ್ತು ಲೀಟರಿನ ಕುಟುಂಬಕ್ಕೆ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಬರುವಷ್ಟು ನೀರು. ಕತ್ತಲೆಯ ತೊಟ್ಟಿಯಲ್ಲಿ ಅದನ್ನು ಕೂಡಿಡುವುದಾದರೆ ಬೇಕಾಗುವ ಶೋಧಕ ಮಲೆನಾಡಿನ ಮನೆಯದೇ, ಅಂದರೆ ಬರಿಯ ಕ್ಯಾಂಡಲ್.

ನೀರಿನಲ್ಲಿ ಏನಿದೆಯೆಂದು ತಿಳಿಯುವುದು ಈಗ ಕಷ್ಟವಲ್ಲ. ಜಿಲ್ಲಾ ಕೇಂದ್ರಗಳಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಶಾಲೆಗಳಿವೆ. ಪರೀಕ್ಷೆಗೆ ಕೊಡುವಾಗ ಗಡಸುತನ, ಫ್ಲೋರೈಡ್, ನೈಟ್ರೇಟ್ ಮತ್ತು ಮಲಮೂಲದ ಬ್ಯಾಕ್ಟೀರಿಯ ಈ ನಾಲ್ಕನ್ನಾದರೂ ಕೇಳಿ ಬರೆಸಿಕೊಳ್ಳಬೇಕು. ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಮೀರಿದ ನೀರು ಬಾಟಲಿ ಹಾಲು ಕುಡಿಯುವ ಹಸುಗೂಸುಗಳಿಗೆ ಅಪಾಯಕರ. ಬ್ಯಾಕ್ಟೀರಿಯದ ಮಟ್ಟಿಗೆ ಶಾಲೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಔಷಧ ಲೇಪಿಸಿದ ಸಣ್ಣ ಸೀಸೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ, ಮಲಮೂಲದ ಬ್ಯಾಕ್ಟೀರಿಯಗಳಿದ್ದಲ್ಲಿ ಅವು ಉತ್ಪತ್ತಿ ಮಾಡುವ ಹೈಡ್ರೊಜನ್ ಸಲ್ಫೈಡಿನಿಂದ ನೀರು ಕಪ್ಪಾಗುತ್ತದೆ.

ಕೊಂಡ ಮೇಲೆ ನೋಡಿಕೊಳ್ಳುವ ಬಗೆಯೂ ಉಂಟು. ಕ್ಯಾಂಡಲನ್ನು ಹದಿನೈದು ದಿನಕ್ಕೊಮ್ಮೆ ಮೃದುವಾದ ಬ್ರಷ್ಷಿನಿಂದ ಬರಿಯ ನೀರಿನಲ್ಲಿ ಉಜ್ಜಬೇಕು, ಸಾಬೂನು ಕೂಡದು. ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಎಸೆಯಬೇಕು, ಏಕೆಂದರೆ ನೀರೆಲ್ಲ ಆ ಬಿರುಕಿನ ದಾರಿಯನ್ನೇ ಹಿಡಿಯುತ್ತದೆ. ಅತಿನೇರಳೆ ದೀಪ ನೀಲಿಯಾಗಿ ಉರಿಯುತ್ತಿದ್ದರೂ ಕಣ್ಣಿಗೆ ಕಾಣದ ಕಿರಣ ಕಾಲಕ್ರಮದಲ್ಲಿ ಕುಂದುವುದರಿಂದ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಆರ್.ಒ. ಇರುವ ಮನೆಯಲ್ಲಿ ಹೊರಹೋಗುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಪಾತ್ರೆ ತೊಳೆಯಲು, ನೆಲ ಒರೆಸಲು ಉಪಯೋಗಿಸಬಹುದು. ಮೊದಲೇ ಸವಳಾದ ನೀರಾದರೆ ಗಿಡಗಳಿಗೆ ಹಾಕುವುದು ಬೇಡ. ಶೋಧಿಸಿದ ನೀರನ್ನು ತೆರೆದ ಕೊಡದಲ್ಲಿ ತುಂಬಿ ಲೋಟವನ್ನು ಕೈಸಹಿತ ಅದ್ದಿ ತೆಗೆದರೆ ಮೇಲೆ ಹೇಳಿದ ಯಾವ ಸಾಧನದ ಕೆಲಸವೂ ಉಳಿಯುವುದಿಲ್ಲ. ಕೊಡಕ್ಕೆ ಮುಚ್ಚಳವಿರಲಿ, ನಲ್ಲಿಯಿರುವ ಪಾತ್ರೆಯಾದರೆ ಇನ್ನೂ ಒಳ್ಳೆಯದು, ಇಲ್ಲವಾದರೆ ಉದ್ದನೆಯ ಹಿಡಿಯಿರುವ ಸೌಟನ್ನು ಬೇರೆಯಾಗಿ ತೂಗುಹಾಕಿಡಬೇಕು.